ಬೇಳೆ ಆರಿಸಿಡುತ್ತಿದ್ದ ಅಕ್ಕ

ಕಳೆದ ವಾರ ಅಂಗನವಾಡಿಯಲ್ಲಿ ಮಕ್ಕಳಿಗೆ ಮೊಟ್ಟೆ ಬೇಯಿಸಿ ಸುಲಿಯುತ್ತಿದ್ದೆ. ಸಹಾಯಕಿ ರಜೆ ಹಾಕಿದ್ದಳು, ಹಾಗಾಗಿ ಪಾತ್ರೆಯ ಮುಂದೆ ನಾನೇ ಕೂತಿದ್ದೆ. ಒಡೆದುಹೋಗಿದ್ದ ಒಂದು ಮೊಟ್ಟೆಯ ಬಿಳಿ ಪಾತ್ರೆಯ ಅಂಚಿಗೆ ಹತ್ತಿ ಸೀದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ಕೈ ನಿಂತಿತು. ಇಷ್ಟು ವರ್ಷಗಳಲ್ಲಿ ಲೆಕ್ಕವಿಲ್ಲದಷ್ಟು ಮೊಟ್ಟೆ ಸುಲಿದಿದ್ದೇನೆ, ಯಾವತ್ತೂ ಹೀಗಾಗಿರಲಿಲ್ಲ. ಅವತ್ತು ಮಾತ್ರ ಎದುರುಮನೆಯ ಅಕ್ಕ ಕಣ್ಣಮುಂದೆ ಬಂದಳು. ಮೂಗನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ನಾನು ಹೇಳಿದೆನೆಂಬ ಒಂದೇ ಕಾರಣಕ್ಕೆ ಬಾಯಿ ತೆರೆದು ಕೂತಿದ್ದ ಅಕ್ಕ...

ಹದಿನಾಲ್ಕು ವರ್ಷದ ಹಿಂದೆ ಕೆಲಸ ಸಿಕ್ಕಿ ಮೊಳಕಾಲ್ಮೂರಿಗೆ ಬಂದಾಗ ನನಗೆ ಮನೆ ಸಿಕ್ಕಿದ್ದು ನೇಕಾರರ ಓಣಿಯಲ್ಲಿ. ಬೆಳಗಾದರೆ ಮಗ್ಗದ ಸದ್ದು. ಎರಡು ದಿನ ತಲೆನೋವು ಬಂತು, ಮೂರನೆಯ ದಿನದಿಂದ ಆ ಸದ್ದು ನಿಂತರೇ ಎಚ್ಚರವಾಗುತ್ತಿತ್ತು. ಎದುರು ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ತಾಯಿ ರೇಷ್ಮೆ ಸೀರೆ ನೇಯುತ್ತಿದ್ದರು. ಓಣಿಯವರೆಲ್ಲ ಅವರನ್ನು ಅವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಚಿಕ್ಕ ಮಗಳನ್ನು ಚಳ್ಳಕೆರೆಗೆ ಕೊಟ್ಟಿತ್ತು. ಅವಳ ಗಂಡ ಅಲ್ಲಿ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಉಳಿದವಳು ದೊಡ್ಡವಳು.

ಅಕ್ಕನಿಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ. ನನಗಿಂತ ಮೂರ್ನಾಲ್ಕು ವರ್ಷಕ್ಕೆ ದೊಡ್ಡವಳು. ಆದರೆ ಬುದ್ಧಿ ಎಂಟು ಹತ್ತು ವರ್ಷದ ಹುಡುಗಿಯಷ್ಟೇ ಬೆಳೆದಿತ್ತು. ಇಪ್ಪತ್ತರ ತನಕ ಎಣಿಸುತ್ತಿದ್ದಳು, ಆಮೇಲೆ ನಗುತ್ತಿದ್ದಳು. ಗಡಿಯಾರ ನೋಡಲು ಬರುತ್ತಿರಲಿಲ್ಲ. ಒಬ್ಬಳೇ ಬಸ್‌ಸ್ಟ್ಯಾಂಡಿನ ತನಕ ಹೋಗಿ ವಾಪಸ್ ಬರುವುದು ಆಗುತ್ತಿರಲಿಲ್ಲ. ಆದರೆ ಕಂಡಿಕೆ ಸುತ್ತುವುದರಲ್ಲಿ, ಎಂದರೆ ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗೆ ರೇಷ್ಮೆ ನೂಲು ಸುತ್ತುವ ಕೆಲಸದಲ್ಲಿ, ಓಣಿಯಲ್ಲಿ ಅವಳಷ್ಟು ಹದ ಯಾರಿಗೂ ಇರಲಿಲ್ಲ. ಎಳೆ ಬೆರಳಿನ ನಡುವೆ ಓಡುವಾಗಲೇ ಎಲ್ಲಿ ಗಂಟಿದೆ, ಎಲ್ಲಿ ಸಣಕಲಾಗಿದೆ ಎಂದು ಗೊತ್ತಾಗುತ್ತಿತ್ತು. ಕಣ್ಣು ಮಾತ್ರ ಬೀದಿಯ ಕಡೆಗೇ. ನಾನು ಬಾಗಿಲಿಗೆ ಬೀಗ ಹಾಕಿದರೆ ಸಾಕು, ರಾಟೆ ಬಿಟ್ಟು ಕೂಗುತ್ತಿದ್ದಳು, "ಟೀಚರಮ್ಮಾ, ಹೋಗ್ತೀಯಾ? ಬೇಗ ಬಾ!"

ಅವಳ ಊಟದ ರೀತಿಯೇ ಬೇರೆ. ಸಾರನ್ನ ಕೊಟ್ಟರೆ ಬೇಳೆಯನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು. ಹಾಲು ಮುಟ್ಟುತ್ತಿರಲಿಲ್ಲ, ಮೊಸರು ಕಂಡರೆ ಎದ್ದುಹೋಗುತ್ತಿದ್ದಳು. ಮಾಂಸದ ಸಾರು ಕುದಿಯುವ ದಿನ ಜಗಲಿಯ ಮೇಲೆ ಕೂತಿರುತ್ತಿದ್ದಳು. ಅನ್ನ, ಹುಣಸೆಯ ತಿಳಿಸಾರು, ಬಾಳೆಹಣ್ಣು, ಬೆಲ್ಲ ಇಷ್ಟಿದ್ದರೆ ಸಾಕು.

"ಮೊಂಡಿ ಪಿಲ್ಲ," ಎನ್ನುತ್ತಿದ್ದರು ಅವ್ವ. ಮನೆಮಾತು ತೆಲುಗು, ನನ್ನ ಹತ್ತಿರ ಕನ್ನಡ. "ಎದೆಹಾಲು ಬಿಟ್ಟಾಗಿನಿಂದ ಇದೇ ಹಟ ಟೀಚರ್. ನನಗೂ ಹಾಲು ಅಂದ್ರೆ ಆಗಲ್ಲ, ಆದ್ರೆ ನಾನು ಹಿಂಗೆ ರಂಪ ಮಾಡಿದೋಳಲ್ಲ."

ಆ ಮಾತು ಕಿವಿಯ ಮೇಲೆ ಬಿದ್ದು ಜಾರಿಹೋಯಿತು.

ಇನ್ನೊಂದು ಮಾತು ಹಾಗೆ ಜಾರಲಿಲ್ಲ. ಬಂದ ತಿಂಗಳಲ್ಲೇ ನನ್ನ ಮನೆಯ ಒಡತಿ ಎದುರಿನ ಬಾಗಿಲ ಕಡೆ ಗದ್ದ ಚಾಚಿ, ದನಿ ತಗ್ಗಿಸಿ ಹೇಳಿದ್ದರು. "ಆ ಮನೇಲಿ ಗಂಡು ನಿಲ್ಲಲ್ಲ ಕಣಮ್ಮ." ದೊಡ್ಡ ಮಗಳಾದ ಮೇಲೆ ಅವ್ವನಿಗೆ ಒಂದಾದ ಮೇಲೊಂದು ಎರಡು ಗಂಡುಕೂಸುಗಳು ಹುಟ್ಟಿದ್ದವಂತೆ. ಎರಡೂ ಕೆಂಪಗೆ, ದುಂಡಗೆ. ಎರಡು ದಿನ ಚೆನ್ನಾಗಿ ಹಾಲು ಕುಡಿದವು. ಮೂರನೆಯ ದಿನ ಮೊಲೆ ಕಚ್ಚಲಿಲ್ಲ. ನಿದ್ದೆ, ಬರೀ ನಿದ್ದೆ. ಆಮೇಲೆ ಏದುಸಿರು, ಮೈ ತಣ್ಣಗೆ. ಐದನೆಯ ದಿನಕ್ಕೆ ಮಣ್ಣು. ಅವ್ವನ ಅಕ್ಕನ ಗಂಡುಮಗುವೂ ಹೀಗೇ ಹೋಗಿತ್ತಂತೆ. ಯಾರೋ ಮಾಡಿಸಿದ್ದು ಅಂದರು ಕೆಲವರು, ಹಳೆಯ ಶಾಪ ಅಂದರು ಕೆಲವರು. ಆ ಮನೆಯ ಮುಂದೆ ಹಾದುಹೋಗುವಾಗ ಬಸುರಿಯರು ಸೆರಗು ಹೊದ್ದು ಆಚೆ ಬದಿಗೆ ಸರಿಯುವುದನ್ನು ನಾನೇ ಕಂಡಿದ್ದೇನೆ. ಅಕ್ಕ ಜಗಲಿಯಲ್ಲಿ ಕೂತು ಅವರಿಗೂ ಕೈಬೀಸುತ್ತಿದ್ದಳು.

ಆ ವರ್ಷ ಯುಗಾದಿಯ ಮಾರನೆಯ ದಿನ ಹೊಸತೊಡಕಿನ ಬಾಡೂಟಕ್ಕೆ ನೆಂಟರು ಬಂದಿದ್ದರು. ಯಾರೋ ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು, ಗದರಿಸಿ, ಅಕ್ಕನಿಗೆ ಮಾಂಸ ತಿನ್ನಿಸಿದರು. ಮರುದಿನ ಅವಳು ವಾಂತಿ ಮಾಡಿಕೊಂಡಳು, ಹಗಲೆಲ್ಲ ಮಲಗಿದಳು. ಅದರ ಮರುದಿನ ಮಧ್ಯಾಹ್ನ ನಾನು ಕೇಂದ್ರದಿಂದ ಬರುವಾಗ ಓಣಿಯಲ್ಲಿ ಜನ ಸೇರಿತ್ತು. ಅಕ್ಕ, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯೊಳಗೆ ಇಳಿದು ಮೂಲೆಗೆ ಬೆನ್ನು ಒತ್ತಿ ನಿಂತಿದ್ದಳು. ಕಣ್ಣು ನಮ್ಮ ಮೇಲಿದ್ದರೂ ನಮ್ಮನ್ನು ನೋಡುತ್ತಿರಲಿಲ್ಲ.

"ಇವಳು ನಮ್ಮಮ್ಮ ಅಲ್ಲ," ಎಂದು ಅವ್ವನ ಕಡೆ ಬೆರಳು ತೋರಿದಳು. "ನಮ್ಮಮ್ಮನ ಸೀರೆ ಉಟ್ಕೊಂಡು ಬಂದವಳೆ. ನೂಲು ಎಲ್ಲ ಹೇಳ್ತಾ ಐತೆ ನನಗೆ. ತಮ್ಮಂದಿರು ಇಲ್ಲೇ ಕೆಳಗೆ ಅವ್ರೆ."

ಮಗುವಿನಂಥ ಅದೇ ದನಿ. ಆದರೆ ಅದರ ಹಿಂದೆ ಬೇರೆ ಯಾರೋ ನಿಂತು ಮಾತಾಡಿಸುತ್ತಿರುವ ಹಾಗೆ... ಟೀಚರು ಎನ್ನಿಸಿಕೊಂಡವಳು ನಾನು, ಬಾಗಿಲಿನಿಂದ ಒಳಗೆ ಹೆಜ್ಜೆ ಇಡಲಿಲ್ಲ.

ಅವ್ವನಿಗೆ ಇದು ಮೊದಲಲ್ಲ. ಮಗಳು ಮೈನೆರೆದಾಗಿನಿಂದ ವರ್ಷಕ್ಕೆ ಒಂದೆರಡು ಸಲ ಹೀಗಾಗುತ್ತಿತ್ತಂತೆ. ಅವರು ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತು ಮಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಐದು ದಿನದ ವ್ರತ. ತೆಳು ಅಕ್ಕಿಗಂಜಿ, ಬಾಳೆಹಣ್ಣು, ಬೆಲ್ಲದ ನೀರು, ಇಷ್ಟೇ. ಈ ಸಲವೂ ಹೋದರು. ಆರನೆಯ ದಿನ ಬೆಳಿಗ್ಗೆ ನನ್ನ ಬಾಗಿಲು ಬಡಿದದ್ದು ಅಕ್ಕನೇ. "ಟೀಚರಮ್ಮಾ, ಎಲ್ಲಿ ಹೋಗಿದ್ದೆ ನೀನು?" ಎಂದು ನನ್ನನ್ನೇ ಕೇಳಿದಳು. ನಗು ಮೊದಲಿನಂತೆಯೇ ಇತ್ತು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಕಷ್ಟವಾಗುತ್ತದೆ.

ಅಕ್ಕ ಬಡಕಲಾಗಿದ್ದಳು. ಕೆನ್ನೆ ಬಿಳಚಿಕೊಂಡಿತ್ತು. ನಾನು ಆಗಷ್ಟೇ ತರಬೇತಿ ಮುಗಿಸಿ ಬಂದವಳು. ಗೋಡೆಯ ಮೇಲಿನ ಚಿತ್ರಪಟದಲ್ಲಿ ಹಾಲು, ಮೊಟ್ಟೆ, ಬೇಳೆ, ಶೇಂಗಾ ತೋರಿಸಿ ತಾಯಂದಿರಿಗೆ ದಿನಾ ಪಾಠ ಹೇಳುವವಳು. ದೇವರು ದಿಂಡರು ಎಂದು ಹೊಟ್ಟೆಗೆ ಹಾಕದೆ ಇವಳ ತಲೆ ಕೆಡಿಸಿದ್ದಾರೆ, ಸರಿಯಾಗಿ ಉಣಿಸಿದರೆ ಸರಿಹೋಗುತ್ತಾಳೆ ಎಂದು ನನಗೆ ನಾನೇ ತೀರ್ಮಾನ ಮಾಡಿದೆ. ದಿನಾ ಸಂಜೆ ಒಂದು ಮೊಟ್ಟೆ ಬೇಯಿಸಿ, ಒಂದು ಲೋಟ ಹಾಲು, ಒಂದು ಶೇಂಗಾ ಉಂಡೆ ಹಿಡಿದು ಎದುರು ಜಗಲಿಗೆ ಹೋಗತೊಡಗಿದೆ. ಅವ್ವ ಎಷ್ಟು ಗದರಿಸಿದರೂ ತಿನ್ನದವಳು ನನಗಾಗಿ ತಿಂದಳು. ಮೂಗು ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು...

"ಟೀಚರಮ್ಮಾ, ಹೊಟ್ಟೆ ಒಳಗೆ ಕೆಟ್ಟದಾಗ್ತೈತೆ."

"ಮೊದಮೊದಲು ಹಂಗೇ ಆಗೋದು. ಆಮೇಲೆ ಅಭ್ಯಾಸ ಆಗ್ತದೆ. ನನ್ನ ಮೇಲೆ ಪ್ರೀತಿ ಇಲ್ವಾ?"

"ಐತೆ. ತಿಂತೀನಿ."

ಹತ್ತು ಹನ್ನೆರಡು ದಿನ ನಡೆಯಿತು ಇದು. ಅವ್ವ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಿದ್ದರು. ಮಗಳ ನಡಿಗೆ ತೂರಾಡುತ್ತಿದ್ದದ್ದು, ಕಂಡಿಕೆಯ ಎಳೆ ದಿನಾ ಹರಿಯುತ್ತಿದ್ದದ್ದು ನಮ್ಮ ಕಣ್ಣಿಗೆ ಬಿದ್ದರೂ ಇಬ್ಬರಿಗೂ ಅದರ ಅರ್ಥ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಅವಳು ಮಗ್ಗದ ಮೇಲಿದ್ದ ಸೀರೆಯ ಹಾಸಿನ ಎಳೆಗಳನ್ನೆಲ್ಲ ಕತ್ತರಿಯಿಂದ ಕತ್ತರಿಸಿ ಹಾಕಿದಳು. ತಡೆಯಲು ಹೋದ ಅವ್ವನ ಮುಂಗೈಗೂ ಏಟು ಬಿತ್ತು. "ಅವು ನನ್ನ ಹೆಸರು ಕೂಗ್ತಾವೆ," ಎಂದು ನೂಲಿನ ಕಡೆ ತೋರಿಸಿ ಕಿರುಚುತ್ತಿದ್ದಳು.

ಈ ಸಲ ವ್ರತ ಬೇಡ ಎಂದು ಹಟ ಹಿಡಿದವಳು ನಾನೇ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮನಸ್ಸಿನ ಕಾಯಿಲೆ ಎಂದು ಚೀಟಿ ಬರೆದುಕೊಟ್ಟರು. ಮಾತ್ರೆಗಳು ಬಂದವು. ಕಿರುಚಾಟ ನಿಂತಿತು, ಆದರೆ ಅಕ್ಕ ವಾಪಸ್ ಬರಲಿಲ್ಲ. ಕೈ ನಡುಗುತ್ತಿತ್ತು, ಮಾತು ಎಳೆಯುತ್ತಿತ್ತು. ಕೂತಲ್ಲೇ ನಿದ್ದೆ, ಎಚ್ಚರವಾದರೆ ಗೋಡೆಯ ಜೊತೆ ಪಿಸುಮಾತು. ವಾರಗಳು ತಿಂಗಳಾದವು. ಓಣಿಯ ಮಕ್ಕಳು ಹುಚ್ಚಿ ಎಂದು ಕರೆಯತೊಡಗಿದರು.

ಅದೇ ಹೊತ್ತಿಗೆ ತಂಗಿ ಬಸುರಿಯಾಗಿ, ಐದು ತಿಂಗಳಲ್ಲಿ, ಅತ್ತೆಯ ಜೊತೆ ತವರಿಗೆ ಬಂದಳು. ನಾವೆಲ್ಲ ಪಡಸಾಲೆಯಲ್ಲಿ ಕೂತಿದ್ದೆವು. ಮೂಲೆಯಲ್ಲಿ ಮಲಗಿದ್ದ ಅಕ್ಕ ನಿಧಾನವಾಗಿ ಎದ್ದು ಬಂದಳು. ತಂಗಿಯ ಮುಂದೆ ಕೂತು ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಎಷ್ಟು ಮೃದುವಾಗಿ ಇಟ್ಟಳು ಎಂದರೆ ಯಾರೂ ತಡೆಯಲಿಲ್ಲ.

"ಇವನೂ ನಿಲ್ಲಲ್ಲ," ಎಂದಳು.

ತಂಗಿಯ ಅತ್ತೆ ಎದ್ದು ಸೊಸೆಯ ರಟ್ಟೆ ಹಿಡಿದು ಎಳೆದರು. "ಏಳೇ! ಈ ಹೊಸ್ತಿಲು ಇನ್ನೊಂದು ಸಲ ತುಳಿದರೆ ನೋಡು." ತಟ್ಟೆಯಲ್ಲಿದ್ದ ಉಪ್ಪಿಟ್ಟು ಹಾಗೇ ಉಳಿಯಿತು. ಅವ್ವ ಮಗಳ ಬೆನ್ನಿಗೆ ಒಂದೇ ಸಮನೆ ಹೊಡೆದರು, ಹೊಡೆದು ತಾವೇ ಕುಸಿದು ಅತ್ತರು. ಅಕ್ಕ ಅಳಲಿಲ್ಲ. ಚಿಕ್ಕಂದಿನಿಂದ ಓಣಿಯ ಬಾಯಲ್ಲಿ ಕೇಳಿದ್ದನ್ನೇ ಅವಳು ಹೇಳಿದ್ದು. ಆದರೆ ಆ ಕ್ಷಣ ನನಗೂ ಅದು ಶಾಪದಂತೆಯೇ ಕೇಳಿಸಿತು.

ಮಳೆಗಾಲದಲ್ಲಿ ಮತ್ತೆ ವಾಂತಿ ಶುರುವಾಯಿತು. ಆಗ ಸರ್ಕಾರಿ ಆಸ್ಪತ್ರೆಗೆ ಒಬ್ಬ ಹೊಸ ವೈದ್ಯೆ ಬಂದಿದ್ದರು. ಚಿಕ್ಕ ವಯಸ್ಸು, ಮಾತು ಕಡಿಮೆ. ಅಕ್ಕನ ಚೀಟಿಗಳ ಕಟ್ಟನ್ನು ಒಂದೊಂದಾಗಿ ಓದಿ ಮೇಜಿನ ಮೇಲಿಟ್ಟರು. ಆಮೇಲೆ ಯಾರೂ ಕೇಳದ ಪ್ರಶ್ನೆ ಕೇಳಿದರು.

"ಇವರು ಊಟಕ್ಕೆ ಏನು ತಿಂತಾರೆ?"

ನಾನು ಹೇಳಿದೆ. ಬೇಳೆ ಆರಿಸಿಡುವುದು, ಹಾಲು ಮುಟ್ಟದಿರುವುದು, ಹೊಸತೊಡಕಿನ ಮಾಂಸ, ಆಮೇಲಿನ ಎರಡು ದಿನ. ನನ್ನ ಮೊಟ್ಟೆಯ ವಿಷಯ ಹೇಳುವಾಗ ದನಿ ಇಳಿಯಿತು. ಅವರು ಪೆನ್ನು ಕೆಳಗಿಟ್ಟರು.

"ಮನೇಲಿ ಗಂಡುಮಕ್ಕಳು ಯಾರಾದ್ರೂ ಹುಟ್ಟಿದ ವಾರದಲ್ಲೇ ತೀರಿಕೊಂಡಿದ್ದಾರಾ?"

ಅವ್ವ ನನ್ನ ಮುಖ ನೋಡಿದರು. ಊರಿಗೆ ಹೊಸಬರಾದ ಇವರಿಗೆ ಇದನ್ನು ಯಾರು ಹೇಳಿದರು ಎಂಬ ಭಯ ಅವರ ಕಣ್ಣಲ್ಲಿತ್ತು. ಮೆಲ್ಲಗೆ ಎರಡು ಬೆರಳು ಎತ್ತಿದರು. ಆಮೇಲೆ ತಮ್ಮ ಅಕ್ಕನ ಮಗುವನ್ನು ನೆನೆದು ಇನ್ನೊಂದು ಬೆರಳು ಸೇರಿಸಿದರು. "ದೇವರ ವ್ರತದಾಗೆ ಮಾತ್ರ ವಾಸಿ ಆಗ್ತಿತ್ತು ಡಾಕ್ಟರಮ್ಮ. ಸುಳ್ಳಲ್ಲ."

"ಸುಳ್ಳು ಅಂತ ನಾನೂ ಹೇಳ್ತಿಲ್ಲ," ಎಂದರು ವೈದ್ಯೆ. "ಆ ಗಂಜಿ, ಬೆಲ್ಲದ ನೀರೇ ಇವರನ್ನ ಇಷ್ಟು ವರ್ಷ ಉಳಿಸಿರಬೇಕು."

ರಕ್ತದಲ್ಲಿ ಅಮೋನಿಯಾ ಎಷ್ಟಿದೆ ಎಂದು ನೋಡಬೇಕಿತ್ತು. ರಕ್ತ ತೆಗೆದ ಕೂಡಲೇ ಮಂಜುಗಡ್ಡೆಯಲ್ಲಿಟ್ಟು ಯಂತ್ರಕ್ಕೆ ಕೊಡಬೇಕಂತೆ, ಆ ಯಂತ್ರ ನಮ್ಮ ಕಡೆ ಇರಲಿಲ್ಲ. ಅವರು ಬರೆದುಕೊಟ್ಟ ಕಾಗದ ಹಿಡಿದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಬಸ್ಸು ತಳಕು ಎಂಬ ಊರು ದಾಟುವಾಗ ಅಕ್ಕ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಬಾಯಿಂದ ಒಂಥರಾ ಸಿಹಿ ಕೊಳೆತ ವಾಸನೆ ಬರುತ್ತಿತ್ತು. ಈ ಉಸಿರು ಎಲ್ಲಿ ನಿಲ್ಲುತ್ತದೋ ಎಂದು ದಾರಿಯುದ್ದಕ್ಕೂ ಅವಳ ಎದೆಯನ್ನೇ ನೋಡುತ್ತಿದ್ದೆ.

ಅಲ್ಲಿ ಗೊತ್ತಾಯಿತು. ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮಾಂಸದ ಪ್ರೊಟೀನು ಮೈಯಲ್ಲಿ ಕರಗಿದ ಮೇಲೆ ಅಮೋನಿಯಾ ಎಂಬ ವಿಷ ಉಳಿಯುತ್ತದಂತೆ. ಎಲ್ಲರ ಲಿವರೂ ಅದನ್ನು ಮುರಿದು ಮೂತ್ರದಲ್ಲಿ ಕಳಿಸುತ್ತದೆ. ಅಕ್ಕನ ಲಿವರಿಗೆ ಆ ಕೆಲಸ ಅರ್ಧಂಬರ್ಧ ಮಾತ್ರ ಬರುತ್ತಿತ್ತು. ಉಳಿದ ವಿಷ ತಲೆಗೇರುತ್ತಿತ್ತು. ಚಿಕ್ಕಂದಿನಿಂದ ಏರಿ ಏರಿ ಬುದ್ಧಿಯ ಬೆಳವಣಿಗೆಯನ್ನು ತಡೆದಿತ್ತು, ಜಾಸ್ತಿಯಾದಾಗ ನೂಲು ಮಾತಾಡುತ್ತಿತ್ತು. ತಾಯಿಯಿಂದ ಮಕ್ಕಳಿಗೆ ಇಳಿಯುವ ದೋಷ ಅದು, ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ. ಬಂದದ್ದು ಹೆಣ್ಣಿಗಾದರೆ ಹೇಗೋ ಬದುಕಬಹುದು, ಗಂಡಿಗಾದರೆ ಆ ಶಕ್ತಿಯೇ ಇರುವುದಿಲ್ಲ, ಎದೆಹಾಲೇ ವಿಷವಾಗುತ್ತದೆ. ಮೊದಲು ಕೊಟ್ಟಿದ್ದ ಮಾತ್ರೆಗಳಲ್ಲಿ ಒಂದು ಬೇರೆಯವರಿಗೆ ಒಳ್ಳೆಯದೇ ಆದರೂ ಇಂಥವರ ಮೈಯಲ್ಲಿ ಅಮೋನಿಯಾವನ್ನು ಇನ್ನೂ ಏರಿಸುತ್ತದಂತೆ. ಅದನ್ನು ನಿಲ್ಲಿಸಿ, ವಿಷ ಇಳಿಸುವ ಔಷಧಿ ಕೊಟ್ಟು, ಊಟದ ಪಥ್ಯ ಬರೆದುಕೊಟ್ಟರು.

ಅವ್ವ ಕೇಳಿದ್ದು ಒಂದೇ. "ಅಂದ್ರೆ ನನ್ನ ಹಾಲು ಕುಡಿದೇ ಅವು ಹೋದ್ವಾ?"

ಬೆಂಗಳೂರಿನ ವೈದ್ಯರು ಅವ್ವನ ಭುಜದ ಮೇಲೆ ಕೈಯಿಟ್ಟರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಇಪ್ಪತ್ತಾರು ವರ್ಷ ಅವಳು ಒಂದೊಂದೇ ಬೇಳೆ ಎತ್ತಿ ಆಚೆಗಿಟ್ಟು ತನ್ನನ್ನು ತಾನು ಕಾಪಾಡಿಕೊಂಡಿದ್ದಳು. ಪ್ರೀತಿಯ ಹೆಸರು ಹೇಳಿ ಅದನ್ನು ಕೆಡಿಸಿದವಳು ನಾನು.

ಚಳ್ಳಕೆರೆಗೆ ಹೋಗಿ ತಂಗಿಗೆ ಹೇಳುವ ಕೆಲಸ ನನ್ನದಾಯಿತು. ಅವಳ ಅತ್ತೆ ಬಾಗಿಲಲ್ಲೇ ನಿಲ್ಲಿಸಿದರು. "ಹುಚ್ಚಿ ಆಡಿದ ಮಾತು ಹಿಡ್ಕೊಂಡು ಇಲ್ಲೀತನಕ ಬಂದ್ರಾ? ನಮ್ಮ ಮಗು ಇಲ್ಲೇ ಹುಟ್ಟುತ್ತೆ, ನೆಟ್ಟಗಿರುತ್ತೆ." ನಾನು ಕಾಗದ ತೋರಿಸಿದೆ, ಅವರು ನೋಡಲಿಲ್ಲ. ಒಳಗಿನಿಂದ ತಂಗಿಯೇ ಬಂದಳು. ತುಂಬಿದ ಹೊಟ್ಟೆ, ಒಣಗಿದ ಮುಖ.

"ಅತ್ತೆ, ನಮ್ಮಕ್ಕಗೆ ಸುಳ್ಳು ಹೇಳೋಕೆ ಬರಲ್ಲ," ಎಂದಳು. "ತಮ್ಮಂದಿರನ್ನ ಮಣ್ಣಿಗೆ ಇಟ್ಟಿದ್ದು ಅವಳಿಗೆ ನೆನಪೈತೆ. ನಾನು ಬೆಂಗಳೂರಿಗೆ ಹೋಗ್ತೀನಿ. ನೀವು ಬರದಿದ್ರೆ ಟೀಚರ್ ಜೊತೆ ಹೋಗ್ತೀನಿ."

ಕೊನೆಗೆ ಅತ್ತೆಯೂ ಜೊತೆಗೆ ಬಂದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದ್ದು ಗಂಡು. ಹುಟ್ಟಿದ ದಿನವೇ ರಕ್ತ ತೆಗೆದರು. ಸರಿಯಿದೆ ಎಂದರು. ಆದರೂ ಮೂರನೆಯ ದಿನ ಯಾರೂ ಊಟ ಮಾಡಲಿಲ್ಲ. ಮಗು ಸ್ವಲ್ಪ ಹೆಚ್ಚು ಹೊತ್ತು ಮಲಗಿದರೂ ಅವ್ವ ಅದರ ಅಂಗಾಲು ಚಿವುಟಿ ಅಳಿಸುತ್ತಿದ್ದರು. ನಾಲ್ಕು ಕಳೆಯಿತು, ಐದು ಕಳೆಯಿತು. ಆರನೆಯ ದಿನ ಹಾಲು ಕುಡಿದು, ಕಕ್ಕಿ, ಮತ್ತೆ ಬಾಯಿ ಹಾಕಿತು. ತಾಯಿಯ ಒಳ್ಳೆಯ ಪಾಲು ಅದಕ್ಕೆ ಸಿಕ್ಕಿತ್ತು. ತಂಗಿಯ ಅತ್ತೆ ಆಸ್ಪತ್ರೆಯ ಗೋಡೆಗೆ ಒರಗಿ ನಿಂತು ಬಿಕ್ಕಿ ಬಿಕ್ಕಿ ಅತ್ತರು.

ಮೊಳಕಾಲ್ಮೂರಿನಲ್ಲಿ ಅಕ್ಕನ ತೊಡೆಯ ಮೇಲೆ ಆ ಮಗುವನ್ನು ಮಲಗಿಸಿದ ದಿನ ನಾನಿದ್ದೆ. ಅಷ್ಟರಲ್ಲಿ ಅವಳು ಮೊದಲಿನ ಅಕ್ಕನಾಗಿದ್ದಳು. ಬುದ್ಧಿ ಹೆಚ್ಚಲಿಲ್ಲ, ಎಣಿಕೆ ಇಪ್ಪತ್ತಕ್ಕೇ ನಿಂತಿತ್ತು. ಆದರೆ ರಾಟೆ ಮತ್ತೆ ತಿರುಗುತ್ತಿತ್ತು, ಗೋಡೆ ಮಾತು ಬಿಟ್ಟಿತ್ತು. ಮಗುವಿನ ಮುಖ ಬಹಳ ಹೊತ್ತು ನೋಡಿ, "ನಿಂತವನೆ," ಎಂದಳು. ಆ ಕಾಲವೇ ಅವಳ ಪಾಲಿಗೆ ಚೆನ್ನಾಗಿದ್ದದ್ದು. ಹೆಚ್ಚೆಂದರೆ ಒಂದು ವರ್ಷ... ಅಷ್ಟೇ.

ಜ್ವರ, ವಾಂತಿ ಬಂದರೆ ಹೊಟ್ಟೆ ಖಾಲಿ ಬಿಡಬೇಡಿ, ಆಗ ಮೈ ತನ್ನನ್ನು ತಾನೇ ಅರೆದು ತಿನ್ನುತ್ತದೆ, ಕೂಡಲೇ ಕರೆತನ್ನಿ ಎಂದು ವೈದ್ಯೆ ಹೇಳಿದ್ದರು. ಮುಂದಿನ ಮಳೆಗಾಲ ಓಣಿಯಲ್ಲಿ ಮನೆಮನೆಗೂ ಜ್ವರ. ನಾನು ಚಿತ್ರದುರ್ಗದಲ್ಲಿ ತರಬೇತಿಗೆ ಹೋಗಿದ್ದೆ. ಅವ್ವನೂ ಹಾಸಿಗೆ ಹಿಡಿದಿದ್ದರು. ಅಕ್ಕ ಎರಡು ದಿನ ಕುಡಿದ ಸಕ್ಕರೆ ನೀರನ್ನೆಲ್ಲ ಕಕ್ಕಿದಳಂತೆ. ಮೂರನೆಯ ದಿನ ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದರು. ವೈದ್ಯೆಗೆ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿತ್ತು. ಗ್ಲೂಕೋಸ್ ಹಾಕಿ ಚಿತ್ರದುರ್ಗದ ಆಸ್ಪತ್ರೆಗೆ ಕಳಿಸಿದರು. ಚಳ್ಳಕೆರೆ ದಾಟುವಷ್ಟರಲ್ಲಿ ಮುಗಿದಿತ್ತು. ನಾನು ಚಿತ್ರದುರ್ಗದ ಆಸ್ಪತ್ರೆಯ ಬಾಗಿಲಲ್ಲಿ ಕಾದು ನಿಂತಿದ್ದೆ. ಆಂಬುಲೆನ್ಸ್ ಬರಲೇ ಇಲ್ಲ, ದಾರಿಯಲ್ಲೇ ಹಿಂದಕ್ಕೆ ತಿರುಗಿತ್ತು. ಯಾರನ್ನು ಬಯ್ಯಬೇಕೋ ಇವತ್ತಿಗೂ ಗೊತ್ತಿಲ್ಲ.

ಅವ್ವ ಆಮೇಲೆ ನಾಲ್ಕು ವರ್ಷ ಬದುಕಿದ್ದರು. ಎದುರು ಮನೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಮಗ್ಗದ ಗುಂಡಿ ಮುಚ್ಚಿ ಮೇಲೆ ಟೈಲ್ಸ್ ಹಾಕಿದ್ದಾರೆ. ತಂಗಿಯ ಮಗ ಹೈಸ್ಕೂಲಿಗೆ ಹೋಗುತ್ತಾನೆ. ಅವನ ನಂತರ ಹುಟ್ಟಿದ ಹುಡುಗಿಗೆ ಈಗ ಹತ್ತು ವರ್ಷ. ಅವಳ ರಕ್ತದಲ್ಲಿ ಆ ದೋಷ ಇಳಿದು ಬಂದಿದೆ. ಓದಿನಲ್ಲಿ ಚುರುಕು, ಆಟದಲ್ಲಿ ಗಾಳಿ. ಆದರೂ ಒಂದು ವಾಂತಿಯಾದರೆ ತಂಗಿ ನನಗೆ ಫೋನ್ ಮಾಡುತ್ತಾಳೆ.

ಮೊನ್ನೆ ಭಾನುವಾರ ಅವರು ಬಂದಿದ್ದರು. ತಂಗಿ ಒಳಗೆ ಕಾಫಿ ಕಾಸುತ್ತಿದ್ದಳು. ಹುಡುಗಿ ನನ್ನ ಪಕ್ಕಕ್ಕೆ ಬಂದು ಕೂತು, ಅಮ್ಮನಿಗೆ ಕೇಳಿಸದ ಹಾಗೆ ಕೇಳಿದಳು. ದೊಡ್ಡಮ್ಮನಿಗೆ ಅವರ ತೆಲುಗಿನಲ್ಲಿ ಪೆದ್ದಮ್ಮ ಎನ್ನುತ್ತಾರೆ.

"ಟೀಚರ್, ನಮ್ಮ ಪೆದ್ದಮ್ಮ ಹುಚ್ಚಿ ಅಂತೆ, ಹೌದಾ? ನಾನೂ ಹಂಗೇ ಆಗ್ತೀನಾ?"

"ಹುಚ್ಚಿ ಅಲ್ಲ ಪುಟ್ಟಿ. ತನ್ನ ಮೈಗೆ ಯಾವುದು ಆಗಲ್ಲ ಅಂತ ನಿಮ್ಮ ಪೆದ್ದಮ್ಮಗೆ ಗೊತ್ತಿತ್ತು. ನಮಗೆ ಯಾರಿಗೂ ಗೊತ್ತಿರಲಿಲ್ಲ. ನಿನ್ನದು ನಮಗೆ ಗೊತ್ತು."

ಅವಳು ಸರಿ ಎಂಬಂತೆ ತಲೆಯಾಡಿಸಿ, ಬೀದಿಗೆ ಓಡಿದಳು. ಕೇಳಿದ್ದರೆ ಉಳಿದದ್ದನ್ನೂ, ನಾನು ತಿನ್ನಿಸಿದ ಮೊಟ್ಟೆಯ ವಿಷಯವನ್ನೂ ಹೇಳಬೇಕೆಂದಿದ್ದೆ. ಅವಳು ಕೇಳಲಿಲ್ಲ. ಅದನ್ನು ಕೇಳಿಸಿಕೊಂಡು ನನ್ನನ್ನು ಕ್ಷಮಿಸಬಹುದಾಗಿದ್ದ ಅಕ್ಕ ಇಲ್ಲ.